ಡ್ರೈ ಬೇಕಾ, ಗ್ರೇವಿ ಬೇಕಾ: ಕಮ್ಮನಹಳ್ಳಿಯ ಒಂದು ಕೊರಿಯನ್-ಚೈನೀಸ್ ನೂಡಲ್ಸ್ ಹೋಟೆಲ್

ಮೆನು ಕೈಗೆ ಬಂದ ಕೂಡಲೇ ಮೊದಲ ಸಾಲಿನ ಜಜಾಂಗ್‌ಮ್ಯೊನ್ (ಕಪ್ಪು ಸಾಸಿನ ನೂಡಲ್ಸ್) ಬಿಟ್ಟು ಎರಡನೆಯ ಸಾಲಿನ ಗಾನ್‌ಜಜಾಂಗ್ (ಅದರದೇ ಒಣ ಬಗೆ) ಹೇಳಿ. 80 ರೂಪಾಯಿ ಹೆಚ್ಚು, ಹತ್ತು-ಹನ್ನೆರಡು ನಿಮಿಷ ಕಾಯುವುದೂ ಹೆಚ್ಚು. ಈ ಹೋಟೆಲಿನ ಗುಣ, ದೋಷ ಎರಡೂ ಆ 80 ರೂಪಾಯಿಯ ಅಂತರದಲ್ಲೇ ಇವೆ. ಮೊದಲನೆಯದು ಬೆಳಿಗ್ಗೆ ಹನ್ನೊಂದಕ್ಕೆ ಮಾಡಿ ಬಿಸಿಗಿಟ್ಟ ಸಾಸು. ಎರಡನೆಯದಕ್ಕೆ ನೀವು ಹೇಳಿದ ಮೇಲೇ ಈರುಳ್ಳಿ ಬಾಣಲೆಗೆ ಬೀಳುತ್ತದೆ.

ಜಾಗ ಬೆಂಗಳೂರಿನ ಕಮ್ಮನಹಳ್ಳಿ ಮುಖ್ಯರಸ್ತೆಯಿಂದ ಒಳಗೆ ಹೋಗುವ ಒಂದು ಅಡ್ಡರಸ್ತೆ, ಮೊದಲ ಮಹಡಿ, ಒಂಬತ್ತು ಟೇಬಲ್. ತಪ್ಪುಗಳನ್ನೂ ಬಿಡಿಸಿ ಹೇಳಬೇಕಾಗಿರುವುದರಿಂದ ಹೋಟೆಲಿನ ಹೆಸರು ಬೇಡ. ಕಮ್ಮನಹಳ್ಳಿ, ಕಲ್ಯಾಣನಗರ, ಎಚ್‌ಆರ್‌ಬಿಆರ್ ಬಡಾವಣೆಯ ಕಡೆ ಓಡಾಡುವವರಿಗೆ ಕೊರಿಯನ್ ಊಟ ಹೊಸದಲ್ಲ. ಆದರೆ ಆ ಹೋಟೆಲುಗಳಲ್ಲಿ ಬಹುಪಾಲು ಟೇಬಲ್ ಮೇಲೇ ಮಾಂಸ ಸುಡುವಂಥವು, ಇಲ್ಲವೇ ಬಿಬಿಂಬಾಪ್ (ತರಕಾರಿಯ ಕಲಸನ್ನ), ಕಿಮ್ಚಿ (ಹುದುಗಿಸಿದ ಎಲೆಕೋಸು) ಸಾರು ಕೊಡುವಂಥವು. ಇದು ಬೇರೆ ಜಾತಿ. ಇಲ್ಲಿ ಸುಡುವ ಒಲೆಯಿಲ್ಲ, ಹತ್ತು ತರದ ನೆಂಚಿಕೆಯ ಪುಟ್ಟ ತಟ್ಟೆಗಳ ಸಾಲಿಲ್ಲ. ಹಳದಿ ಮೂಲಂಗಿ, ಹಸಿ ಈರುಳ್ಳಿ, ಕಪ್ಪು ಹಿಟ್ಟಿನಂಥದ್ದು ಒಂದು ಚಮಚ ಬಂದರೆ ಸರಿಯಾದ ಜಾಗಕ್ಕೇ ಬಂದಿದ್ದೀರಿ ಎಂದುಕೊಳ್ಳಿ.

ಕೊರಿಯನ್-ಚೈನೀಸ್ ಅಂದರೆ ಏನು ಅಂತ ಬೆಂಗಳೂರಿನವರಿಗೆ ಉದ್ದ ವಿವರಣೆ ಬೇಡ. ನಮ್ಮ ಗೋಬಿ ಮಂಚೂರಿ ಎಷ್ಟು ಚೀನಾದ್ದೋ ಇದೂ ಅಷ್ಟೇ ಚೀನಾದ್ದು. 1883ರಲ್ಲಿ ಕೊರಿಯಾದ ಇಂಚಿಯಾನ್ ಬಂದರು ಹೊರಗಿನವರಿಗೆ ತೆರೆದ ಮೇಲೆ ಎದುರು ದಡದ ಚೀನಾದ ಶಾಂಡಾಂಗ್ ಪ್ರಾಂತ್ಯದಿಂದ ಕೂಲಿಗಳು, ವ್ಯಾಪಾರಿಗಳು ಬಂದು ನೆಲೆಸಿದರು. ಅವರ ಜೊತೆ ಬಂದದ್ದು ಹುರಿದ, ಹುದುಗಿಸಿದ ಸೋಯಾ ಹಿಟ್ಟನ್ನು ನೂಡಲ್ಸಿಗೆ ಕಲಸುವ ಝಾಜ್ಯಾಂಗ್‌ಮ್ಯೆನ್. ಅದು ಉಪ್ಪುಪ್ಪು, ಒಣ ಒಣ. ಕೊರಿಯಾದಲ್ಲಿ ಅದಕ್ಕೆ ಸಿಹಿ ಸೇರಿತು, ಈರುಳ್ಳಿ ಹೆಚ್ಚಾಯಿತು, ಹಿಟ್ಟಿಗೆ ಕ್ಯಾರಮೆಲ್ ಬಿದ್ದು ಕಪ್ಪಾಯಿತು. ಕೊರಿಯನ್ ಯುದ್ಧದ ನಂತರ ಅಮೆರಿಕದ ನೆರವಿನ ಗೋಧಿಹಿಟ್ಟು ಅಗ್ಗವಾಗಿ ಸಿಕ್ಕಿದ್ದು, 1960-70ರ ದಶಕಗಳಲ್ಲಿ ಅಕ್ಕಿ ಉಳಿಸಿ ಎಂದು ಸರ್ಕಾರವೇ ಹಿಟ್ಟಿನ ಊಟಕ್ಕೆ ಒತ್ತಾಯ ಮಾಡಿದ್ದು, ಎರಡೂ ಸೇರಿ ಈ ಬಟ್ಟಲು ಮನೆಮನೆಯ ಮಾತಾಯಿತು. ಇಂಚಿಯಾನಿನಲ್ಲಿ ಗೊಂಗ್‌ಹ್ವಾಚುನ್ ಎಂಬ ಹಳೆಯ ಹೋಟೆಲಿದ್ದ ಕಟ್ಟಡ 2012ರಿಂದ ಜಜಾಂಗ್‌ಮ್ಯೊನ್ ಮ್ಯೂಸಿಯಂ. ಹೆಸರಿನ ಕಾಗುಣಿತಕ್ಕೂ ಅಲ್ಲಿ ಜಗಳವಿತ್ತು. ಜನ ಒತ್ತಿ 'ಜ್ಜ' ಅನ್ನುತ್ತಿದ್ದರು, ನಿಘಂಟು ಮೆತ್ತಗೆ 'ಜ' ಅನ್ನುತ್ತಿತ್ತು. 2011ರಲ್ಲಿ ನಿಘಂಟೇ ಸೋತು ಎರಡೂ ಸರಿ ಎಂದಿತು.

ಗೋಬಿ ಗಾಡಿಯವರು ಕೇಳುವ ಮೊದಲ ಪ್ರಶ್ನೆ 'ಡ್ರೈ ಬೇಕಾ, ಗ್ರೇವಿ ಬೇಕಾ?' ಈ ಹೋಟೆಲಿನಲ್ಲಿ ಯಾರೂ ಹಾಗೆ ಕೇಳುವುದಿಲ್ಲ, ಆದರೆ ಮೆನುವಿನ ಅರ್ಧ ಭಾಗ ಅದೇ ಪ್ರಶ್ನೆ. 'ಗಾನ್' ಅಂದರೆ ಒಣ ಎಂದೇ ಅರ್ಥ. ಗಾನ್‌ಜಜಾಂಗಿಗೆ ನೀರು, ಗಂಜಿಹಿಟ್ಟು (ಸ್ಟಾರ್ಚ್) ಹಾಕುವುದಿಲ್ಲ. ಎಣ್ಣೆ, ಮಾಂಸ, ತರಕಾರಿ, ಕಪ್ಪು ಹಿಟ್ಟು ದೊಡ್ಡ ಉರಿಯಲ್ಲಿ ಹುರಿದು ಬೇರೆ ಬಟ್ಟಲಲ್ಲಿ ತರುತ್ತಾರೆ, ನೂಡಲ್ಸ್ ಬೇರೆ. ಮಾಮೂಲಿ ಜಜಾಂಗಿಗೆ ಮೂಳೆ ಸಾರೋ ನೀರೋ ಸೇರಿಸಿ, ಆಲೂಗಡ್ಡೆ ಗಂಜಿಹಿಟ್ಟು ಕದಡಿ, ಗಟ್ಟಿ ಗೊಜ್ಜಿನ ಹದಕ್ಕೆ ತಂದು ಮೇಲೇ ಸುರಿದು ಕೊಡುತ್ತಾರೆ.

ಈಗ ಆ ಕಪ್ಪು ಹಿಟ್ಟಿನ ವಿಷಯ. ಅದರ ಹೆಸರು ಚುಂಜಾಂಗ್. ಗೋಧಿಹಿಟ್ಟು, ಸೋಯಾ, ಉಪ್ಪು ಹುದುಗಿಸಿ ಕ್ಯಾರಮೆಲ್ ಬೆರೆಸಿದ್ದು. ಪ್ಯಾಕೆಟ್ಟಿನಿಂದ ನೇರ ನಾಲಿಗೆಗಿಟ್ಟರೆ ಉಪ್ಪು, ಒಗರು, ಹಿಂದಿನಿಂದ ಸಣ್ಣ ಕಹಿ. ಇಡೀ ಅಡುಗೆಯ ಹಣೆಬರಹ ಇದನ್ನು ಹುರಿಯುವ ಐದು ನಿಮಿಷದಲ್ಲಿದೆ. ನಾಲ್ಕು ಜನರ ಲೆಕ್ಕಕ್ಕೆ 150 ಗ್ರಾಂ ಚುಂಜಾಂಗ್, 120 ಮಿಲಿ ಎಣ್ಣೆ. ಎಣ್ಣೆ ಜಾಸ್ತಿಯಾಯಿತು ಅನ್ನಿಸುತ್ತದೆ, ಆಗಬೇಕು. ಇದು ಒಗ್ಗರಣೆಯಲ್ಲ, ಹೆಚ್ಚುಕಡಿಮೆ ಎಣ್ಣೆಯಲ್ಲಿ ಮುಳುಗಿಸಿ ಕರಿಯುವುದೇ. ಸಣ್ಣ ಉರಿ ದಾಟಿ ಮಧ್ಯಮಕ್ಕೆ ಹೋಗದಂತೆ ನಾಲ್ಕೈದು ನಿಮಿಷ ಕೈಬಿಡದೆ ತಿರುವಬೇಕು. ಮೊದಲು ಒದ್ದೆ ಮಣ್ಣಿನ ಹಾಗೆ ತಳಕ್ಕೆ ಅಂಟುತ್ತದೆ. ಆಮೇಲೆ ಮೈಮೇಲೆ ಸಣ್ಣ ಸಣ್ಣ ತೂತು ಬಿದ್ದು ಪುಟಪುಟ ಅನ್ನುತ್ತದೆ, ಸೌಟು ಎಳೆದ ದಾರಿ ಹಾಗೇ ನಿಲ್ಲುತ್ತದೆ, ಹುಳಿ ವಾಸನೆ ಹೋಗಿ ಹುರಿಗಡಲೆಯ ಕಡೆಗಿನ ಘಮ ಬರುತ್ತದೆ. ಅಲ್ಲಿಗೆ ಇಳಿಸಬೇಕು. ಇನ್ನೊಂದು ನಿಮಿಷ ಬಿಟ್ಟರೆ ಮರಳು ಮರಳಾಗಿ ಒಡೆದು ಸುಟ್ಟ ಕಹಿ ಬರುತ್ತದೆ, ಅದನ್ನು ಯಾವ ಸಕ್ಕರೆಯೂ ಮುಚ್ಚುವುದಿಲ್ಲ. ಮೊದಲೇ ಇಳಿಸಿದರೆ ಹಸಿ ಸೋಯಾ ವಾಸನೆ, ಗಂಟಲಲ್ಲಿ ಉಪ್ಪು ಕಚ್ಚುವುದು. ಬಸಿದ ಎಣ್ಣೆಯನ್ನು ಚೆಲ್ಲುವುದಿಲ್ಲ, ಶುಂಠಿ, ಈರುಳ್ಳಿ ಸೊಪ್ಪು, ಮಾಂಸ ಹುರಿಯಲು ಅದನ್ನೇ ಬಳಸುತ್ತಾರೆ.

ಈ ಹೋಟೆಲಿನ ಅಡುಗೆಯವರಿಗೆ ಆ ಐದು ನಿಮಿಷ ಗೊತ್ತಿದೆ. ಎರಡೂ ಬಗೆಯ ಜಜಾಂಗಿನಲ್ಲಿ ಹುರಿದ ಹದ ಸರಿಯಾಗಿತ್ತು, ಕಹಿಯಿಲ್ಲ, ಹಸಿಯೂ ಇಲ್ಲ. ಸಿಹಿ ಸ್ವಲ್ಪ ಮುಂದಿದೆ. ನಾಲ್ಕು ಜನಕ್ಕೆ ಒಂದು ದೊಡ್ಡ ಚಮಚ ಸಕ್ಕರೆ ಸಾಕಾಗುವ ಕಡೆ ಒಂದೂವರೆ ಬಿದ್ದಂತಿದೆ. ಬೆಂಗಳೂರಿನ ಸಾಂಬಾರಿಗೆ ಬೆಲ್ಲ ಹಾಕಿದ್ದಕ್ಕೆ ದೂರುವವರು ಇಲ್ಲೂ ದೂರಬಹುದು. ಹಂದಿಯ ಹೊಟ್ಟೆಭಾಗದ ಮಾಂಸ ಒಂದು ಸೆಂಟಿಮೀಟರಿನ ಚೌಕಗಳು, ಕೊಬ್ಬಿನ ಅಂಚು ಕೆಂಪಗಾಗಿದೆ. ಬೇಯಿಸಿದ್ದಲ್ಲ, ಹುರಿದದ್ದು. ಕೊರಿಯಾದಲ್ಲಿ ಹಾಕುವ ಎಳೆ ಹಸಿರು ಸೋರೆಯಂಥ ಕಾಯಿಯ ಬದಲು ಇಲ್ಲಿ ಸೀಮೆಬದನೆ. ಒಳ್ಳೆಯ ಬದಲಿ. ಜುಕಿನಿ ಹಾಕಿದ್ದರೆ ಕರಗಿ ನೀರು ಬಿಡುತ್ತಿತ್ತು, ಸೀಮೆಬದನೆ ಹಲ್ಲಿಗೆ ಸಿಗುತ್ತದೆ.

ಮಾಮೂಲಿ ಬಟ್ಟಲಿನ ದೋಷ ಹುರಿಯುವುದರಲ್ಲಲ್ಲ, ಇಡುವುದರಲ್ಲಿ. ಗಂಜಿಹಿಟ್ಟು ಹಾಕಿದ ಸಾಸನ್ನು ಗಂಟೆಗಟ್ಟಲೆ ಬಿಸಿನೀರಿನ ತೊಟ್ಟಿಯಲ್ಲಿಟ್ಟರೆ ಮೂರು ಕೆಲಸ ನಡೆಯುತ್ತವೆ. ಈರುಳ್ಳಿ ಕರಗಿ ಅಂಟಾಗುತ್ತದೆ, ಎಲೆಕೋಸು ಸಾಸಿನೊಳಗೇ ನೀರು ಬಿಡುತ್ತದೆ, ಮತ್ತೆ ಮತ್ತೆ ಸೌಟಾಡಿಸಿದ ಹೊಡೆತಕ್ಕೆ ಗಂಜಿಯ ಹಿಡಿತ ತಪ್ಪುತ್ತದೆ. ಮಧ್ಯಾಹ್ನ 12.30ಕ್ಕೆ ಬಂದ ಬಟ್ಟಲಿನ ಸಾಸು ಚಮಚದಿಂದ ಮಡಿಕೆ ಮಡಿಕೆಯಾಗಿ ಬಿತ್ತು. 2.30ಕ್ಕೆ ತರಿಸಿದ್ದು ಅಂಚಿನಲ್ಲಿ ಎಣ್ಣೆ ಬಿಟ್ಟುಕೊಂಡು, ನಡುವೆ ತೆಳುವಾಗಿ, ಈರುಳ್ಳಿಯ ಆಕಾರವೇ ಇಲ್ಲದೆ ಬಂತು. ಮಾಮೂಲಿಯನ್ನೇ ತಿನ್ನಬೇಕೆಂದಿದ್ದರೆ ಮಧ್ಯಾಹ್ನ ಒಂದು ಗಂಟೆಗೆ ಮೊದಲೇ ಹೋಗಿ. ಸಂಜೆ ಏಳಕ್ಕೆ ಎರಡನೆಯ ಬಾಣಲೆ ಏರುತ್ತದೆ, ಏಳೂಕಾಲರಿಂದ ಎಂಟು ಇನ್ನೊಂದು ಒಳ್ಳೆಯ ಹೊತ್ತು.

ನೂಡಲ್ಸ್ ಬಗ್ಗೆ ಅಷ್ಟು ಸಮಾಧಾನವಿಲ್ಲ. ಈ ಊಟಕ್ಕೆ ಬೇಕಾದ ಎಳೆ ದಪ್ಪ, ದುಂಡಗೆ, ತಿಳಿಹಳದಿ. ಮೊಟ್ಟೆಯಿಂದ ಬಂದ ಹಳದಿಯಲ್ಲ ಅದು, ಹಿಟ್ಟಿಗೆ ಹಾಕುವ ಕ್ಷಾರದಿಂದ ಬಂದದ್ದು. ಹಪ್ಪಳಕ್ಕೆ ಹಾಕುವ ಕ್ಷಾರದ ಜಾತಿಯದೇ. ಕ್ಷಾರ ಬಿದ್ದರೆ ಗೋಧಿಯಲ್ಲಿರುವ ಬಣ್ಣರಹಿತ ಫ್ಲೇವನಾಯ್ಡುಗಳು ಹಳದಿಗೆ ತಿರುಗುತ್ತವೆ, ಗ್ಲುಟೆನ್ ಬಿಗಿಯಾಗುತ್ತದೆ, ಎಳೆ ಸಾಸಿನಲ್ಲಿ ಬೇಗ ಉಬ್ಬುವುದಿಲ್ಲ. ಒಂದು ಕೆಜಿ ಹಿಟ್ಟಿಗೆ ಐದರಿಂದ ಹತ್ತು ಗ್ರಾಂ ಸಾಕು. ಹೆಚ್ಚಾದರೆ ಸಾಬೂನಿನ ವಾಸನೆ ಬರುತ್ತದೆ, ನುಂಗಿದ ಮೇಲೂ ಬಾಯಲ್ಲಿ ಜಾರಿಕೆ ಉಳಿಯುತ್ತದೆ. ಇಲ್ಲಿ ಆ ತಪ್ಪಿಲ್ಲ. ಎಳೆಯನ್ನು ಬೆಳಿಗ್ಗೆ ಯಂತ್ರದಲ್ಲಿ ಒತ್ತಿ ಕತ್ತರಿಸಿಡುತ್ತಾರೆ. ಕೈಯಲ್ಲಿ ಎಳೆದ ನೂಡಲ್ಸ್ ಅಂತ ಮೆನುವಿನಲ್ಲಿ ಬರೆದುಕೊಂಡಿಲ್ಲ, ಆ ಪ್ರಾಮಾಣಿಕತೆಗೆ ಒಂದು ಅಂಕ.

ತಪ್ಪು ಬೇಯಿಸಿದ ಮೇಲಿನದು. ಕ್ರಮ ಹೀಗಿರಬೇಕು: ಕುದಿಯುವ ಧಾರಾಳ ನೀರಿನಲ್ಲಿ ಮೂರು-ನಾಲ್ಕು ನಿಮಿಷ, ತೆಗೆದು ತಣ್ಣೀರಿನಲ್ಲಿ ಕೈಯಿಂದ ಉಜ್ಜಿ ಉಜ್ಜಿ ಗಂಜಿ ತೊಳೆಯುವುದು, ಮತ್ತೆ ಹತ್ತು ಸೆಕೆಂಡು ಕುದಿನೀರಿಗೆ ಅದ್ದುವುದು, ಜಾಲರಿಯಲ್ಲಿ ನಾಲ್ಕೈದು ಸಲ ಜಾಡಿಸಿ ನೀರು ಬಸಿಯುವುದು. ತಣ್ಣೀರು ತಪ್ಪಿಸಿದರೆ ಒಂದಕ್ಕೊಂದು ಅಂಟಿದ ಮುದ್ದೆ. ಎರಡನೆಯ ಅದ್ದು ತಪ್ಪಿಸಿದರೆ ಎಳೆ ತಣ್ಣಗಿದ್ದು ಸಾಸಿನ ಕೊಬ್ಬು ಬಟ್ಟಲಿನಲ್ಲೇ ಹೆಪ್ಪುಗಟ್ಟುತ್ತದೆ. ಜಾಡಿಸುವುದು ತಪ್ಪಿಸಿದರೆ ತಳದಲ್ಲಿ ಎರಡು ಚಮಚ ನೀರು ನಿಂತು ಸಾಸನ್ನು ಸಾರು ಮಾಡುತ್ತದೆ. ಈ ಅಡುಗೆಮನೆಯಲ್ಲಿ ತಪ್ಪುವುದು ಕೊನೆಯದು, ಅದೂ ಟೇಬಲ್ ತುಂಬಿದಾಗ. ನಾಲ್ಕು ಬಟ್ಟಲಿನಲ್ಲಿ ಎರಡರ ತಳದಲ್ಲಿ ನೀರಿತ್ತು. ನೋಡುವುದು ಸುಲಭ. ಗಾನ್‌ಜಜಾಂಗಿನ ನೂಡಲ್ಸ್ ಬೇರೆ ಬಟ್ಟಲಲ್ಲಿ ಬರುವುದರಿಂದ ಸಾಸು ಸುರಿಯುವ ಮೊದಲು ಬಟ್ಟಲು ಓರೆ ಮಾಡಿ. ನೀರು ಹರಿದರೆ ವಾಪಸ್ ಕೊಡಿ, ಮುಖ ಗಂಟು ಹಾಕದೆ ಬಸಿದು ತರುತ್ತಾರೆ. ಮಾಮೂಲಿಯಲ್ಲಿ ಆ ಅವಕಾಶವೇ ಇಲ್ಲ, ಕಲಸಿದ ಮೇಲೇ ಗೊತ್ತಾಗುವುದು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ನೀರು ಇಲ್ಲಿ 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಕೊರಿಯಾದ ಪ್ಯಾಕೆಟ್ಟಿನ ಮೇಲೆ ಬರೆದ ಸಮಯಕ್ಕೆ ಇಲ್ಲಿ ಮೂವತ್ತು ಸೆಕೆಂಡು ಸೇರಿಸಿಕೊಳ್ಳಬೇಕು. ಮನೆಯಲ್ಲಿ ಮಾಡುವವರಿಗೆ ಇದು ಉಪಯೋಗಕ್ಕೆ ಬರಬಹುದು. ಹೋಟೆಲಿನವರು ಇದನ್ನು ಸರಿಮಾಡಿಕೊಂಡಿದ್ದಾರೆ, ಎಳೆಯ ನಡುವೆ ಹಿಟ್ಟಿನ ಬಿಳಿ ಚುಕ್ಕೆ ಕಾಣಲಿಲ್ಲ.

ಬಟ್ಟಲು ಬಂದ ಮೇಲೆ ಫೋಟೋಕ್ಕೆ ಅರ್ಧ ನಿಮಿಷ, ಅಷ್ಟೇ. ಎರಡು ಕಡ್ಡಿಗಳನ್ನು ಒಂದೊಂದು ಕೈಯಲ್ಲಿ ಹಿಡಿದು, ತಳದಿಂದ ಎತ್ತಿ ಎತ್ತಿ ಕಲಸಬೇಕು. ಬಿಳಿ ಎಳೆ ಒಂದೂ ಕಾಣದವರೆಗೆ, ಸುಮಾರು ನಲವತ್ತು ಸೆಕೆಂಡು. ಕೊರಿಯನ್ ಕಡ್ಡಿ ಲೋಹದ್ದು, ಚಪ್ಪಟೆ, ಜಾರುತ್ತದೆ. ಮರದ್ದು ಕೇಳಿದರೆ ಕೊಡುತ್ತಾರೆ. ಫೋರ್ಕಿನಿಂದ ತಿಂದರೆ ಯಾರೂ ನಗುವುದಿಲ್ಲ, ಆದರೆ ಫೋರ್ಕಿನಿಂದ ಕಲಸಿದರೆ ಎಳೆ ಸುತ್ತಿಕೊಂಡು ಉಂಡೆಯಾಗುತ್ತದೆ. ಉದ್ದ ಜಾಸ್ತಿ ಅನ್ನಿಸಿದರೆ ಕತ್ತರಿ ಕೇಳಿ. ಬಡಿಸುವ ಹುಡುಗ ಕತ್ತರಿ ತಂದು 'ಕಟ್ ಮಾಡ್ಲಾ ಸರ್?' ಅಂತ ಕೇಳಿ, ಬಟ್ಟಲಿನ ಮೇಲೆ ಅಡ್ಡ ಒಂದು, ಉದ್ದ ಒಂದು, ಎರಡೇ ಏಟು ಕೊಟ್ಟು ಹೋಗುತ್ತಾನೆ. ಮಕ್ಕಳಿದ್ದರೆ ಇದು ಬಹಳ ಅನುಕೂಲ. ಬಿಳಿ ಅಂಗಿ ಹಾಕಿಕೊಂಡು ಹೋಗಬೇಡಿ. ಸಾಸಿನ ಎಣ್ಣೆಯ ಜೊತೆ ಕ್ಯಾರಮೆಲ್ ಇರುತ್ತದೆ, ಬಟ್ಟೆಗೆ ಬಿದ್ದರೆ ನೀರಿನಲ್ಲಿ ಒರೆಸಿದಷ್ಟೂ ಹರಡುತ್ತದೆ.

ತಿನ್ನುತ್ತಾ ಹೋದಂತೆ ಸಾಸು ನೀರಾಗುವುದನ್ನು ಕೆಲವರು ಹೋಟೆಲಿನ ಮೋಸ ಅಂದುಕೊಳ್ಳುತ್ತಾರೆ. ಅದರಲ್ಲಿ ಅರ್ಧ ತಪ್ಪು ತಿನ್ನುವವರದು. ಎಂಜಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಗಂಜಿಯನ್ನು ಒಡೆದು ಸಕ್ಕರೆ ಮಾಡುತ್ತದೆ. ಬಾಯಿಗಿಟ್ಟ ಕಡ್ಡಿಯನ್ನು ಮತ್ತೆ ಮತ್ತೆ ಬಟ್ಟಲಿಗೆ ಅದ್ದುತ್ತಾ, ಕಚ್ಚಿ ಬಿಟ್ಟ ಎಳೆಯನ್ನು ವಾಪಸ್ ಹಾಕುತ್ತಾ ಹೋದರೆ ಹತ್ತು-ಹದಿನೈದು ನಿಮಿಷದಲ್ಲಿ ಗಟ್ಟಿ ಸಾಸು ತಿಳಿಸಾರಾಗುತ್ತದೆ. 'ಎಂಜಲು ಮಾಡಬೇಡ' ಅನ್ನುವ ಅಜ್ಜಿಯ ಮಾತಿಗೆ ಇಷ್ಟು ಕಣ್ಣೆದುರಿನ ಪುರಾವೆ ಬೇರೆಲ್ಲೂ ಸಿಗಲಿಕ್ಕಿಲ್ಲ. ಬೈ-ಟೂ ಮಾಡುವ ಅಭ್ಯಾಸ ನಮ್ಮ ಊರಿನದು, ಮಾಡಿ, ಆದರೆ ಕಲಸಿದ ಕೂಡಲೇ, ಬಾಯಿಗಿಡುವ ಮೊದಲೇ ಎರಡು ಬಟ್ಟಲಿಗೆ ಹಂಚಿಕೊಳ್ಳಿ. ಗಾನ್‌ಜಜಾಂಗಿನಲ್ಲಿ ಒಡೆಯಲು ಗಂಜಿಯೇ ಇಲ್ಲದ್ದರಿಂದ ಈ ತೊಂದರೆ ಕಡಿಮೆ, ತರಕಾರಿಯ ನೀರು ಮಾತ್ರ ಸ್ವಲ್ಪ ಬಿಡುತ್ತದೆ.

ಜಂಪೊಂಗ್ ಇನ್ನೊಂದು ಪರೀಕ್ಷೆ. ಕೆಂಪು, ಖಾರದ ಸಾರಿನ ನೂಡಲ್ಸ್. ಸಮುದ್ರದ ಜೀವಿಗಳು ಮೇಲೆ, ಎಳೆ ಕೆಳಗೆ. ಹೆಸರು ಜಪಾನಿನ ನಾಗಾಸಾಕಿಯ ಚಾಂಪೊನ್ ಜೊತೆ ನಂಟಿನದು, ಖಾರದ ಪುಡಿ ಕೊರಿಯಾದ ಸೇರ್ಪಡೆ. ಕರಾವಳಿಯವರು ಓದುತ್ತಿದ್ದರೆ ಅವರ ಮಾತಿನಲ್ಲೇ ಹೇಳುವುದು ಸುಲಭ: ಬೊಂಡಾಸ್ (ಸ್ಕ್ವಿಡ್), ಪಚ್ಚಿಲೆ (ಮಸೆಲ್ ಎಂಬ ಚಿಪ್ಪುಜೀವಿ), ಸಿಗಡಿ. ಎಣ್ಣೆಯಲ್ಲಿ ಮೆಣಸಿನಪುಡಿ ಕರಗಿಸಿ, ಈರುಳ್ಳಿ, ಎಲೆಕೋಸು, ಕ್ಯಾರೆಟ್ ಎರಡು ನಿಮಿಷ ದೊಡ್ಡ ಉರಿಯಲ್ಲಿ ಎಸೆದೆಸೆದು ಹುರಿದು, ಮೂಳೆ ಸಾರು ಸುರಿದು ಕುದಿಸಿ, ಬೊಂಡಾಸ್ ಕೊನೆಗೆ ಹಾಕಬೇಕು. ಎರಡು ನಿಮಿಷ ದಾಟಿದರೆ ಅದು ರಬ್ಬರ್. ಇಲ್ಲಿ ಬೊಂಡಾಸ್ ಮೃದುವಾಗಿತ್ತು, ಒಳಮೈಯಲ್ಲಿ ಚೌಕುಳಿ ಗೀರು ಹಾಕಿದ್ದರಿಂದ ಸುರುಳಿಯಾಗಿ ಸಾರು ಹಿಡಿದುಕೊಂಡಿತ್ತು. ಒಂದು ಬಟ್ಟಲಿನಲ್ಲಿ ಆರು ಪಚ್ಚಿಲೆ, ಅದರಲ್ಲಿ ಒಂದು ಬಾಯಿ ತೆರೆದಿರಲಿಲ್ಲ. ಬೆಂದ ಮೇಲೂ ಮುಚ್ಚಿರುವುದನ್ನು ಬಲವಂತವಾಗಿ ಬಿಡಿಸಿ ತಿನ್ನಬೇಡಿ, ಪಕ್ಕಕ್ಕಿಡಿ.

ಜಂಪೊಂಗಿನಲ್ಲಿ ಹುಡುಕಬೇಕಾದ್ದು ಬೆಂಕಿಯ ವಾಸನೆ. ಕೊರಿಯನ್ನರು ಅದಕ್ಕೆ 'ಬುಲ್‌ಮತ್' ಅನ್ನುತ್ತಾರೆ, ಬೆಂಕಿರುಚಿ. ಅದು ಎರಡು ದಾರಿಯಲ್ಲಿ ಬರುತ್ತದೆ. ಒಂದು, ನಿಜವಾದ ಉರಿ: ಕಬ್ಬಿಣದ ಬಾಣಲೆ, ಕಮರ್ಷಿಯಲ್ ಸಿಲಿಂಡರಿನ ಹೈ-ಪ್ರೆಶರ್ ಬರ್ನರ್, ಬಾಣಲೆಯ ಅಂಚಿಗೆ ಹಾರಿದ ಎಣ್ಣೆಹನಿ ಹೊತ್ತಿಕೊಳ್ಳುವುದು. ಇನ್ನೊಂದು, ಬಾಟಲಿಯಲ್ಲಿ ಸಿಗುವ ಹೊಗೆವಾಸನೆಯ ಎಣ್ಣೆ. ವ್ಯತ್ಯಾಸ ಕಂಡುಹಿಡಿಯಲು ಎಲೆಕೋಸು, ಈರುಳ್ಳಿಯ ಅಂಚು ನೋಡಿ. ನಿಜವಾದ ಉರಿಯಾದರೆ ಅಲ್ಲಲ್ಲಿ ಕಂದು ಕಲೆ ಇರುತ್ತದೆ, ವಾಸನೆ ಒಂದು ಚಮಚದಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಬಾಟಲಿಯದಾದರೆ ಬಟ್ಟಲು ಬರುವ ಮೊದಲೇ ಮೂಗಿಗೆ ಹೊಡೆಯುತ್ತದೆ, ಮೊದಲ ಚಮಚದಿಂದ ಕೊನೆಯದರವರೆಗೆ ಒಂದೇ ಸಮ, ತರಕಾರಿ ಮಾತ್ರ ಬೇಯಿಸಿದಷ್ಟು ಬಿಳಿ. ಈ ಹೋಟೆಲಿನದು ಮೊದಲ ಬಗೆ. ಇಂಡಕ್ಷನ್ ಒಲೆಯ ಫುಡ್ ಕೋರ್ಟುಗಳಲ್ಲಿ ಇದನ್ನು ನಿರೀಕ್ಷಿಸಬೇಡಿ, ಅಲ್ಲಿ ಉರಿಯೇ ಇರುವುದಿಲ್ಲ.

ಖಾರ ನಮ್ಮ ನಾಲಿಗೆಗೆ ಜಾಸ್ತಿಯಲ್ಲ. ಕೊರಿಯಾದ ಮೆಣಸಿನಪುಡಿ ಬ್ಯಾಡಗಿಯ ಹಾಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಗುಂಟೂರಿನಂತೆ ನೆತ್ತಿಗೇರುವುದಿಲ್ಲ. ಉಪ್ಪು ಮಾತ್ರ ಜೋರು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ ಐದು ಗ್ರಾಂ ಉಪ್ಪಿನ ಒಳಗಿರಿ ಅನ್ನುತ್ತದೆ, ಜಂಪೊಂಗಿನ ಸಾರನ್ನು ತಳ ಕಾಣುವವರೆಗೆ ಕುಡಿದರೆ ಆ ಲೆಕ್ಕ ಒಂದೇ ಹೊತ್ತಿಗೆ ಮುಗಿಯುತ್ತದೆ. ಬಿಪಿ ಇರುವವರು ಎಳೆ ತಿಂದು ಸಾರು ಬಿಡಿ.

ಇನ್ನೊಂದು ಮಾತು, ಜಂಪೊಂಗನ್ನು ತಿಂಗಳು ನೋಡಿ ಹೇಳಿ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಎರಡೂ ಒಂದರ ಮೇಲೊಂದು ಬರುವ ಜೂನ್ ಮೊದಲ ಎರಡು ವಾರ ಬೆಂಗಳೂರಿಗೆ ತಾಜಾ ಮಾಲು ಬಹಳ ಕಡಿಮೆ, ಬಟ್ಟಲಲ್ಲಿ ಬರುವುದು ಫ್ರೀಜರಿನದು. ಆಗ ಹಂದಿಮಾಂಸದ ಜಂಪೊಂಗ್ ಇದೆಯೇ ಕೇಳಿ. ಮೆನುವಿನಲ್ಲಿಲ್ಲ, ಮಾಡಿಕೊಡುತ್ತಾರೆ.

ತಾಂಗ್ಸುಯುಕ್ ಅಂದರೆ ಹಂದಿಮಾಂಸದ ಬೆರಳುದ್ದದ ತುಂಡುಗಳನ್ನು ಗಂಜಿಹಿಟ್ಟಿನಲ್ಲಿ ಅದ್ದಿ ಕರಿದು, ಹುಳಿಸಿಹಿ ಸಾಸಿನ ಜೊತೆ ಕೊಡುವುದು. ಮತ್ತೆ ಅದೇ ಡ್ರೈ-ಗ್ರೇವಿ ಜಗಳ. ಮೇಲೆ ಸುರಿಯಬೇಕೋ, ಅದ್ದಿ ತಿನ್ನಬೇಕೋ ಎಂದು ಕೊರಿಯಾದಲ್ಲಿ ಎರಡು ಪಂಗಡಗಳೇ ಇವೆ. ಇದು ಹಿಟ್ಟಿನ ಹದದ ಮೇಲೆ ಹೋಗುತ್ತದೆ. ಆಲೂಗಡ್ಡೆ ಗಂಜಿಹಿಟ್ಟನ್ನು ನೀರಿನಲ್ಲಿ ಕನಿಷ್ಠ ಅರ್ಧ ಗಂಟೆ ನೆನೆಸಿ, ಮೇಲಿನ ನೀರು ಚೆಲ್ಲಿ, ತಳದಲ್ಲಿ ಸುಣ್ಣದ ಹಾಗೆ ಗಟ್ಟಿಯಾಗಿ ಕೂತದ್ದನ್ನು ಮಾತ್ರ ಮೊಟ್ಟೆಯ ಬಿಳಿ, ಒಂದು ಚಮಚ ಎಣ್ಣೆ ಸೇರಿಸಿ ಬಳಸುತ್ತಾರೆ. 165-170 ಡಿಗ್ರಿ ಎಣ್ಣೆಯಲ್ಲಿ ನಾಲ್ಕು ನಿಮಿಷ, ತೆಗೆದು ಆರಲು ಬಿಟ್ಟು, 180 ದಾಟಿದ ಎಣ್ಣೆಯಲ್ಲಿ ಮತ್ತೆ ಒಂದು-ಒಂದೂವರೆ ನಿಮಿಷ. ಮೊದಲ ಸಲ ಮಾಂಸ ಬೇಯುತ್ತದೆ. ಆರುವಾಗ ಒಳಗಿನ ಹಬೆ ಹೊರಪದರಕ್ಕೆ ಬಂದು ಅದನ್ನು ಮೆತ್ತಗೆ ಮಾಡುತ್ತದೆ, ಎರಡನೆಯ ಸಲ ಆ ನೀರು ಹಾರಿಹೋಗುತ್ತದೆ. ಒಂದೇ ಸಲ ಕರಿದದ್ದು ಐದು ನಿಮಿಷದಲ್ಲಿ ಮೆತ್ತಗಾಗುತ್ತದೆ. ಗಂಜಿಹಿಟ್ಟಿನ ಜೊತೆ ಮೈದಾ ಬೆರೆಸಿದರೆ ಪಕೋಡ.

ಇಲ್ಲಿಯದನ್ನು ಮುರಿದು ನೋಡಿದರೆ ಪದರ ಬಿಳಿ, ಒಳಗೆ ಸಣ್ಣ ಗಾಳಿಗೂಡು, ಕಚ್ಚಿದಾಗ ಮೊದಲು ಕರಕ್, ಆಮೇಲೆ ಸ್ವಲ್ಪ ಜಗಿ. ಸರಿಯಾದ ಗುರುತು. ಇಪ್ಪತ್ತು ನಿಮಿಷ ಕಳೆದ ಮೇಲೂ ಸಾಸು ಸೋಕದ ತುಂಡು ಗರಿಗರಿಯಾಗೇ ಇತ್ತು. ಕೆಟ್ಟದ್ದು ಸಾಸು. ಡಬ್ಬಿಯ ಅನಾನಸಿನ ಪಾಕ ಸುರಿದು ಸಿಹಿ ಮಾಡಿದ್ದಾರೆ, ವಿನೆಗರ್ ಹಿಂದೆ ಉಳಿದಿದೆ. 'ಸಾಸು ಬೇರೆ ಕೊಡಿ' ಅಂತ ಆರ್ಡರ್ ಮಾಡುವಾಗಲೇ ಹೇಳಿ, ಇಲ್ಲದಿದ್ದರೆ ಸುರಿದೇ ತರುತ್ತಾರೆ. ಟೇಬಲ್ ಮೇಲಿರುವ ಸೋಯಾ ಸಾಸಿಗೆ ಅಷ್ಟೇ ವಿನೆಗರ್, ಚಿಟಿಕೆ ಮೆಣಸಿನಪುಡಿ ಕಲಸಿಕೊಂಡು ಅದಕ್ಕೆ ಅದ್ದಿ ತಿಂದರೆ ಮಾಂಸದ ರುಚಿ ಕಾಣುತ್ತದೆ.

ಜೊತೆಗೆ ಬರುವ ಹಳದಿ ಮೂಲಂಗಿ ದಾನ್‌ಮುಜಿ. ಎಣ್ಣೆ ಕಡಿಯಲು ಅದು ಬೇಕೇ ಬೇಕು, ಎಷ್ಟು ಸಲ ಕೇಳಿದರೂ ದುಡ್ಡಿಲ್ಲದೆ ಕೊಡುತ್ತಾರೆ. ಅದರ ಮೇಲೆ ನಾಲ್ಕು ಹನಿ ವಿನೆಗರ್ ಹಾಕಿಕೊಳ್ಳುವುದು ರೂಢಿ. ಹಸಿ ಈರುಳ್ಳಿಯನ್ನು ಆ ಕಪ್ಪು ಹಿಟ್ಟಿಗೆ ಅದ್ದಿ ತಿನ್ನಬೇಕು. ಇದು ಹುರಿಯದ ಚುಂಜಾಂಗ್, ತುದಿಗಷ್ಟೇ ಸೋಕಿಸಿ. ಬಣ್ಣದ ಬಗ್ಗೆ ಅನುಮಾನ ನ್ಯಾಯವಾದದ್ದೇ. 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದೆಂದು ರಾಜ್ಯ ಸರ್ಕಾರ ನಿಷೇಧಿಸಿದ ಮೇಲೆ ಎಲ್ಲರೂ ತಟ್ಟೆಯನ್ನು ಸಂಶಯದಿಂದಲೇ ನೋಡುತ್ತಾರೆ. ದಾನ್‌ಮುಜಿಯ ಹಳದಿ ಗಾರ್ಡೇನಿಯಾ ಕಾಯಿಯದೂ ಇರಬಹುದು, ಕೃತಕವೂ ಇರಬಹುದು, ಪ್ಯಾಕೆಟ್ ತೋರಿಸಿ ಅಂದರೆ ತೋರಿಸುತ್ತಾರೆ.

ಸಸ್ಯಾಹಾರಿಗಳಿಗೆ ಎಚ್ಚರಿಕೆ. ಮೆನುವಿನಲ್ಲಿ 'ವೆಜ್ ಜಜಾಂಗ್' ಇದೆ. ಚುಂಜಾಂಗಿನ ಮೂಲ ಸಾಮಾನು ಸಸ್ಯಮೂಲದ್ದೇ, ಆದರೆ ಅಡುಗೆಮನೆ ಅದನ್ನು ಯಾವ ಕೊಬ್ಬಿನಲ್ಲಿ ಹುರಿಯುತ್ತದೆ ಎನ್ನುವುದು ಬೇರೆ ಮಾತು. ಕೊರಿಯನ್-ಚೈನೀಸ್ ಅಡುಗೆಯಲ್ಲಿ ಹಂದಿಯ ಕೊಬ್ಬು ಮಾಮೂಲು. ಮೂರು ಪ್ರಶ್ನೆ ಕೇಳಿ: ಹಿಟ್ಟು ಹುರಿದದ್ದು ಯಾವುದರಲ್ಲಿ, ತೆಳು ಮಾಡಲು ಹಾಕಿದ್ದು ನೀರೋ ಮೂಳೆ ಸಾರೋ, ಆಯ್ಸ್ಟರ್ ಸಾಸ್ ಬಿದ್ದಿದೆಯೋ. ಇಲ್ಲಿ ಬಂದ ಉತ್ತರ: 'ಎಣ್ಣೇಲೇ ಹುರಿಯೋದು ಮೇಡಂ, ಆದ್ರೆ ಒಂದ್ಸಲಕ್ಕೆ ಎಲ್ಲಾದಕ್ಕೂ ಸೇರಿಸಿ ಹುರೀತೀವಿ, ಬಾಣಲೆ ಒಂದೇ.' ನೇರ ಉತ್ತರ. ಬಾಣಲೆ ಒಂದೇ ಆದರೂ ಪರವಾಗಿಲ್ಲ ಅನ್ನುವವರಿಗೆ ವೆಜ್ ಗಾನ್‌ಜಜಾಂಗ್ ನೀರು, ಸಾರು ಎರಡೂ ಇಲ್ಲದ್ದರಿಂದ ವಾಸಿ, ಆಯ್ಸ್ಟರ್ ಸಾಸಿನ ಮಾತು ಮಾತ್ರ ಕೇಳಿ ಖಚಿತ ಮಾಡಿಕೊಳ್ಳಿ. ಒಪ್ಪದವರಿಗೆ ಇದು ಜಾಗವಲ್ಲ. ಕಿಮ್ಚಿ ಮುಟ್ಟಬೇಡಿ, ಅದರಲ್ಲಿ ಉಪ್ಪಿನ ಸಿಗಡಿಯೋ ಮೀನಿನ ಸಾಸೋ ಸಾಮಾನ್ಯವಾಗಿ ಇರುತ್ತದೆ. ಹಂದಿ ತಿನ್ನದವರಿಗೆ ಕೋಳಿಯ ಕನ್‌ಪುಂಗಿ ಇದೆ. ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಒಣಗೆ ಹುರಿದದ್ದು, ನಮ್ಮ ಚಿಲ್ಲಿ ಚಿಕನ್‌ನ ದೂರದ ದಾಯಾದಿ. ಅದನ್ನೂ ಹಂದಿಮಾಂಸ ಕರಿಯುವ ಎಣ್ಣೆಯಲ್ಲೇ ಕರಿಯುತ್ತಾರೆ ಎನ್ನುವುದು ಗೊತ್ತಿರಲಿ.

ಪಾರ್ಸೆಲ್ ಬೇಡವೇ ಬೇಡ ಎನ್ನುವುದಕ್ಕಾಗುವುದಿಲ್ಲ, ಕೊರಿಯಾದಲ್ಲಿ ಈ ಊಟ ಹೆಸರು ಮಾಡಿದ್ದೇ ತಗಡಿನ ಪೆಟ್ಟಿಗೆಯಲ್ಲಿ ಮನೆಬಾಗಿಲಿಗೆ ಬಂದು. ಮನೆ ಬದಲಾಯಿಸುವ ದಿನ ಸಾಮಾನಿನ ರಾಶಿಯ ನಡುವೆ ಕೂತು ಇದನ್ನು ತರಿಸಿ ತಿನ್ನುವುದು ಅಲ್ಲಿಯ ವಾಡಿಕೆ. ಆದರೆ ಅಲ್ಲಿ ಹತ್ತು ನಿಮಿಷದ ದಾರಿ. ಇಲ್ಲಿ ಹೆಣ್ಣೂರು ಕ್ರಾಸ್ ದಾಟುವುದಕ್ಕೇ ಅಷ್ಟು ಬೇಕು. ಇಪ್ಪತ್ತು ನಿಮಿಷದ ಒಳಗಿನ ದೂರವಾದರೆ ಗಾನ್‌ಜಜಾಂಗ್ ತರಿಸಿ, ನೂಡಲ್ಸ್ ಡಬ್ಬಿಗೆ ಕುದಿನೀರು ಸುರಿದು ಹದಿನೈದು ಸೆಕೆಂಡು ಬಿಟ್ಟು ಬಸಿಯಿರಿ, ಅಂಟಿದ್ದು ಬಿಡಿಸಿಕೊಳ್ಳುತ್ತದೆ. ಸಾಸನ್ನು ಮೈಕ್ರೋವೇವಿನಲ್ಲಲ್ಲ, ಬಾಣಲೆಯಲ್ಲಿ ಬಿಸಿಮಾಡಿ. ಜಂಪೊಂಗ್ ಪಾರ್ಸೆಲ್ ಮಾತ್ರ ವ್ಯರ್ಥ. ಎಳೆ ಬೇರೆ ಕಟ್ಟಿಕೊಟ್ಟರೂ ಬೊಂಡಾಸ್ ಬಿಸಿ ಸಾರಿನಲ್ಲಿ ಕೂತು ದಾರಿಯುದ್ದಕ್ಕೂ ಬೇಯುತ್ತಲೇ ಇರುತ್ತದೆ.

ದರ: ಜಜಾಂಗ್‌ಮ್ಯೊನ್ 480, ಗಾನ್‌ಜಜಾಂಗ್ 560, ಜಂಪೊಂಗ್ 620, ಚಿಕ್ಕ ತಾಂಗ್ಸುಯುಕ್ 780, ಮೇಲೆ ಶೇ 5 ಜಿಎಸ್‌ಟಿ. ಸರ್ವಿಸ್ ಚಾರ್ಜ್ ಹಾಕಿರಲಿಲ್ಲ. 'ಗೊಪ್ಪೆಗಿ' ಅಂದರೆ ದೊಡ್ಡ ಪಾಲು, 100 ರೂಪಾಯಿಗೆ ಎಳೆ ಅರ್ಧದಷ್ಟು ಹೆಚ್ಚುತ್ತದೆ, ಸಾಸು ಅಷ್ಟು ಹೆಚ್ಚುವುದಿಲ್ಲ. ಹಾಗಾಗಿ ಅದು ನಷ್ಟ. ಇಬ್ಬರಿಗೆ ಒಂದು ಗಾನ್‌ಜಜಾಂಗ್, ಒಂದು ಜಂಪೊಂಗ್, ನಡುವೆ ಚಿಕ್ಕ ತಾಂಗ್ಸುಯುಕ್ ಸರಿಯಾದ ಅಳತೆ. ಕಾರು ತರಬೇಡಿ, ಅಡ್ಡರಸ್ತೆಯಲ್ಲಿ ಎರಡು ಸ್ಕೂಟರ್ ನಿಂತರೆ ಮೂರನೆಯದಕ್ಕೆ ಜಾಗವಿಲ್ಲ. ಸೋಮವಾರ ರಜೆ.

ಗಾನ್‌ಜಜಾಂಗಿನ ಸಾಸು ಪೂರ್ತಿ ಒಮ್ಮೆಲೇ ಸುರಿಯಬೇಡಿ. ಮುಕ್ಕಾಲು ಸುರಿದರೆ ಎಳೆಗೆ ಸಾಕು. ಉಳಿದ ಕಾಲು ಭಾಗಕ್ಕೆ 60 ರೂಪಾಯಿಯ ಚಿಕ್ಕ ಬಟ್ಟಲು ಅನ್ನ ತರಿಸಿ ಕಲಸಿಕೊಳ್ಳಿ. ಅಂಟಂಟಾದ ಕೊರಿಯನ್ ಅನ್ನ ಅದು, ಕೈಯಲ್ಲೇ ತಿನ್ನಬಹುದು, ಕೈ ತೊಳೆಯುವ ಜಾಗ ಬಿಲ್ ಕೌಂಟರಿನ ಹಿಂದೆ ಇದೆ.